ಹಳೆಯ ಕಾರಿಗೆ ಹೊಸ ಗ್ಯಾಸ್

ಹೋದ ವರ್ಷ ಮಾರ್ಚ್ ಮೊದಲ ವಾರದ ಒಂದು ಸಂಜೆ ಅವನು ಮಗಳ ಮದುವೆಯ ಪತ್ರಿಕೆ ಹಿಡಿದುಕೊಂಡು ವಾಡಿಯ ನಮ್ಮ ಮನೆಗೆ ಬಂದ. ಹೊತ್ತು ಮುಳುಗಿ ಅರ್ಧ ಗಂಟೆಯಾಗಿತ್ತು. ಬೇಸಿಗೆ ಶುರುವಾದ ಮೇಲೆ ಅವನು ಅದಕ್ಕಿಂತ ಮೊದಲು ಮನೆಯಿಂದ ಹೊರಗೆ ಬರುವುದಿಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಶಿಫ್ಟ್ ಫೋರ್‌ಮನ್ ಆಗಿದ್ದಾಗ ಅವನು ನನ್ನ ಕೈಕೆಳಗೆ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದವನು. ಇಬ್ಬರೂ ಈಗ ನಿವೃತ್ತರು. ಆದರೂ ಅವನು ನನ್ನನ್ನು ಸಾಹೇಬ್ರು ಎನ್ನುವುದನ್ನು ಬಿಟ್ಟಿಲ್ಲ.

“ಲಗ್ನ ಚಿಂಚೋಳ್ಯಾಗ ರೀ, ಗಂಡಿನ ಮನಿ ಮುಂದ. ಏಪ್ರಿಲ್ ಕೊನಿ ವಾರ. ಅಕ್ಕಿಕಾಳು ಹನ್ನೆರಡೂವರಿಗಿ,” ಎಂದ.

“ಛಲೋ ಆಯ್ತು.”

“ನೀವು ಬರಬೇಕ್ರಿ. ಬಂದು, ನನ್ನ ಬದಲಿ ಮೊದಲನೇ ಹಿಡಿ ಅಕ್ಕಿ ನೀವು ಒಗೀಬೇಕು.”

“ನೀ ಎಲ್ಲಿಗಿ ಹೋಗ್ತಿ?”

“ನಾ ಎಲ್ಲಿಗಿ ಹೋಗ್ಲಿ ರೀ? ಮನ್ಯಾಗ ಕೂಲರ್ ಮುಂದ ಕುಂದ್ರತೀನಿ.”

ಅವರದು ಕಾಗಿಣಾ ದಂಡೆಯ ಹಳೆಯ ಮನೆತನ. ಮದುಮಕ್ಕಳ ಮೇಲೆ ಮೊದಲ ಹಿಡಿ ಅಕ್ಷತೆ ಹೆಣ್ಣಿನ ತಂದೆಯ ಕೈಯಿಂದಲೇ ಬೀಳಬೇಕೆಂಬುದು ಅವರಲ್ಲಿ ನಡೆದುಬಂದ ಪದ್ಧತಿ. ತಂದೆ ಇಲ್ಲದಿದ್ದರೆ ಮಾತ್ರ ಇನ್ನೊಬ್ಬ ಹಿರಿಯ. ತಾನು ಬದುಕಿದ್ದೂ ಇಲ್ಲದವನ ಲೆಕ್ಕಕ್ಕೆ ಬರುತ್ತೇನೆ ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಪತ್ರಿಕೆಯ ಅಂಚನ್ನು ಉಗುರಿನಿಂದ ತೀಡುತ್ತ ಕುಳಿತ.

ಕಾರಣ ನನಗೆ ಗೊತ್ತಿತ್ತು. ಆ ಮಗಳು ಎರಡು ವರ್ಷದವಳಿದ್ದಾಗ ಭಟ್ಟಿಯ ಮೇಲಿನ ಗೋಪುರದಲ್ಲಿ ಬಿಸಿ ಪುಡಿ ಸಿಡಿದು ಅವನ ಎದೆ, ಬೆನ್ನು, ಎರಡೂ ತೋಳು ಸುಟ್ಟಿದ್ದವು. ತೊಡೆಯ ಚರ್ಮ ತೆಗೆದು ಅಲ್ಲಿ ಹಚ್ಚಿದರು. ಗಾಯ ಮಾಯಿತು. ಆದರೆ ಹಚ್ಚಿದ ಚರ್ಮ ಬೆವರುವುದಿಲ್ಲ. ನಮ್ಮಂಥವರು ಬೆವರಿ ತಣ್ಣಗಾಗುತ್ತೇವೆ. ಅವನ ಮೈ ಬಿಸಿಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನ ಅರ್ಧ ಗಂಟೆ ಹೊರಗಿದ್ದರೆ ಮುಖ ಕೆಂಪಾಗಿ, ವಾಂತಿ ಬಂದು, ತಲೆ ತಿರುಗಿ ಬೀಳುತ್ತಾನೆ. ಎರಡು ಸಲ ಹಾಗೆ ಆಸ್ಪತ್ರೆ ಕಂಡಿದ್ದಾನೆ.

ಹಿಂದಿನ ದಿನ ತಂಪು ಹೊತ್ತಿನಲ್ಲಿ ಹೋಗಿಬಿಡಬಹುದಲ್ಲ ಎಂದೆ. ಹೋದರೂ ಅಲ್ಲಿ ಇರುವುದು ಎಲ್ಲಿ? ಬೀಗರು ಕೊಟ್ಟ ಮನೆ ತಗಡಿನದು, ಮದುವೆ ಬಟ್ಟೆಯ ಹಂದರದ ಕೆಳಗೆ. ಎ.ಸಿ. ಇರುವ ಬಾಡಿಗೆ ಕಾರು ಕೇಳಿಯಾಗಿತ್ತು. ಮದುವೆಯ ಕಾಲ, ಸಿಕ್ಕಿದ್ದು ಒಂದು. ಅದರ ಡ್ರೈವರ್, ನಿಲ್ಲಿಸಿದ ಕಾರಿನ ಎಂಜಿನ್ ಮೂರು ತಾಸು ಓಡಿಸುವುದು ಆಗದ ಮಾತು ಎಂದನಂತೆ. ಮೇಲಾಗಿ ಅಂಗಿ ತೆಗೆದು, ಹಸಿ ಟವೆಲ್ ಹೊದ್ದು ಕೂಡಬೇಕು. ಪರಿಚಯವಿಲ್ಲದವರೆದುರು ಅವನು ಅಂಗಿ ತೆಗೆಯುವುದಿಲ್ಲ.

“ನೀನೇ ಒಗೀತಿ. ನನ್ನ ಕಾರಿನಾಗ ಹೋಗೋಣು,” ಎಂದೆ.

ಚಹಾ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. “ಆ ಕಾರಿನ ಎ.ಸಿ. ಸತ್ತು ಹದಿನೈದು ವರ್ಷ ಆಯ್ತು. ತಿಥಿ ಮಾಡೋದು ಬಿಟ್ಟು ಎಬ್ಬಸ್ಲಿಕತ್ತೀರೇನು?”

ಅವಳ ಮಾತು ಸುಳ್ಳಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳ ಕಾರು ಅದು. ಎಂಜಿನ್ ಇವತ್ತಿಗೂ ಒಂದೇ ಸಲಕ್ಕೆ ಎಚ್ಚರಾಗುತ್ತದೆ. ಎಣ್ಣೆ, ಗಾಳಿ, ಬ್ಯಾಟರಿಯ ನೀರು, ಪ್ರತಿಯೊಂದಕ್ಕೂ ವಾರ ಗೊತ್ತುಮಾಡಿ ನೋಡಿಕೊಂಡಿದ್ದೇನೆ. ಎ.ಸಿ. ಮಾತ್ರ ಕೈಬಿಟ್ಟಿತ್ತು. ಅದು ಓಡುತ್ತಿದ್ದದ್ದು ಹಳೆಯ ಜಾತಿಯ ಗ್ಯಾಸಿನ ಮೇಲೆ. ಆಕಾಶದ ಓಝೋನ್ ಪದರಕ್ಕೆ ಕೇಡೆಂದು ಅದರ ತಯಾರಿಕೆಯನ್ನೇ ನಿಲ್ಲಿಸಿದರು. ಇದ್ದಷ್ಟು ಗ್ಯಾಸ್ ಸೋರಿಹೋದ ಮೇಲೆ ತುಂಬಲಿಕ್ಕೆ ಸಿಗಲಿಲ್ಲ. ಕಿಟಕಿ ಇಳಿಸಿ ಓಡಾಡುವುದು ನಮಗೆ ರೂಢಿಯಾಯಿತು.

ಮರುದಿನ ಒಂಬತ್ತಕ್ಕೆ ಶಹಾಬಾದಿಗೆ ಹೋದೆ. ಅಲ್ಲಿ ಎ.ಸಿ. ಮೆಕ್ಯಾನಿಕ್ ಒಬ್ಬನಿದ್ದಾನೆ. ಐವತ್ತು ದಾಟಿದವನು, ಫ್ರಿಜ್ ರಿಪೇರಿಯಿಂದ ಮೇಲೆ ಬಂದವನು. ಬಾನೆಟ್ ಎತ್ತಿ ನೋಡಿ ಎರಡೂ ಕೈ ಸೊಂಟದ ಮೇಲೆ ಇಟ್ಟ.

“ಅರೇ ಸಾಹೇಬ್ರ, ಈ ಗ್ಯಾಸ್ ಈಗ ಮ್ಯೂಸಿಯಂನಾಗೂ ಸಿಗಲ್ಲ.”

“ಹೊಸ ಗ್ಯಾಸಿಗಿ ಬದಲ್ ಮಾಡಬಹುದು ಅಂತಾರಲ್ಲ?”

“ಮಾಡಬಹುದು. ಆದ್ರ ಸಿಲಿಂಡರ್ ಹಚ್ಚಿ ತುಂಬಿ ಕಳಸೋ ಕೆಲಸ ಅಲ್ಲ ಇದು. ಒಳಗಿನ ಎಣ್ಣಿನೂ ಬ್ಯಾರೆ ಆಗಬೇಕು. ಹಳೇ ಎಣ್ಣಿ ಹೊಸ ಗ್ಯಾಸಿನ ಜೋಡಿ ಕೂಡಂಗಿಲ್ಲ. ಎಣ್ಣಿ ಒಂದು ಕಡಿ, ಗ್ಯಾಸ್ ಒಂದು ಕಡಿ ಆದ್ರ ಕಂಪ್ರೆಸರ್ ಒಣಗಿ ಹಿಡಕೋತದ. ಗಡಿಬಿಡಿ ಅದನೇನ್ರಿ?”

“ಏಪ್ರಿಲ್ ಕೊನಿ ವಾರ ಲಗ್ನ ಅದ.”

ಅವನು ನನ್ನ ನರೆತ ತಲೆಯನ್ನೊಮ್ಮೆ ನೋಡಿದ. “ಮುಬಾರಕ್ ಹೋ ಸಾಬ್,” ಎಂದು ನಕ್ಕ. ಯಾರ ಲಗ್ನ, ಯಾತಕ್ಕಾಗಿ ಎ.ಸಿ. ಎಂದು ವಿವರಿಸಿದ ಮೇಲೆ ನಗು ನಿಲ್ಲಿಸಿ, ಅವತ್ತೇ ಪಾನಾ ತೆಗೆದ.

ಆ ಕೆಲಸ ಐದು ದಿನ ನಡೆಯಿತು. ನಾನು ದಿನಾ ಒಂಬತ್ತಕ್ಕೆ ಹೋಗಿ ಸ್ಟೂಲ್ ಹಾಕಿಕೊಂಡು ಕೂಡುತ್ತಿದ್ದೆ. ಅವನು ಕಂಪ್ರೆಸರ್ ಬಿಚ್ಚಿ ತಲೆಕೆಳಗೆ ಹಿಡಿದು ಹಳೆಯ ಎಣ್ಣೆಯನ್ನು ಹನಿ ಬಿಡದಂತೆ ಇಳಿಸಿದ. ಕೊಳವೆಗಳನ್ನು ಒಳಗಿಂದ ತೊಳೆದ. ಗ್ಯಾಸಿನ ತೇವ ಹೀರುವ ಪುಟ್ಟ ಬಾಟಲಿ ಹೊಸದು ಹಾಕಿದ. ಜೋಡಣೆಗಳಲ್ಲಿದ್ದ ಕಪ್ಪು ರಬ್ಬರ್ ಉಂಗುರ ಕಿತ್ತು ಹಸಿರು ಉಂಗುರ ಕೂಡಿಸಿದ. ಹೊಸ ಗ್ಯಾಸಿಗೆ ಹೊಂದುವ ಎಣ್ಣೆ ಅಳೆದು ಹೊಯ್ದ. ಆಮೇಲೆ ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದು, ಒಂದು ತಾಸು ಮೀಟರಿನ ಮುಳ್ಳು ಕದಲುತ್ತದೆಯೇ ಎಂದು ಕಾದ. ಕದಲಲಿಲ್ಲ. ಅಷ್ಟು ಶಿಸ್ತಿನ ಕೆಲಸ ನೋಡಿ ನನಗೆ ಸಮಾಧಾನವಾಯಿತು.

ತುಂಬುವಾಗ ಮಾತ್ರ ಜಗಳವಾಯಿತು. ಬಾನೆಟ್ಟಿನ ಒಳಗೆ ಕಂಪನಿ ಹಚ್ಚಿದ ಚೀಟಿಯಲ್ಲಿ ಗ್ಯಾಸಿನ ತೂಕ ಬರೆದಿತ್ತು. ಅವನು ಅದಕ್ಕಿಂತ ಕಡಿಮೆ ತುಂಬಿ ವಾಲ್ವ್ ಮುಚ್ಚಿದ.

“ಇಲ್ಲಿ ಬರದದ್ದು ನೋಡ್ರಿ,” ಎಂದೆ.

“ಅದು ಹಳೇ ಗ್ಯಾಸಿನ ಮಾತು ರೀ. ಹೊಸಾದು ಅಷ್ಟು ಹಾಕಿದ್ರ ಒತ್ತಡ ಏರಿ ಪೈಪ್ ಹರೀತದ. ಐದರಾಗ ನಾಕು ಪಾಲಿನ ಆಸುಪಾಸು ಸಾಕು. ನಿಮ್ಮ ಚೀಟಿ ಹರದು ಒಗೀರಿ ಮೊದಲು.”

ಹರಿಯಲಿಲ್ಲ. ಅದರ ಮೇಲೆ ಹೊಸ ಚೀಟಿ ಹಚ್ಚಿ, ಯಾವ ಗ್ಯಾಸ್, ಯಾವ ಎಣ್ಣೆ, ಎಷ್ಟು ತೂಕ ಎಂದು ದಪ್ಪ ಅಕ್ಷರದಲ್ಲಿ ನಾನೇ ಬರೆದೆ.

ಮೂರು ದಿನ ಬೆಳಿಗ್ಗೆ ಏಳಕ್ಕೆ ಕಾರು ಓಡಿಸಿ, ಗಾಳಿ ಬರುವ ಜಾಲಿಗೆ ಥರ್ಮಾಮೀಟರ್ ಸಿಕ್ಕಿಸಿ ನೋಡಿದೆ. ಎಂಟು, ಒಂಬತ್ತು ಡಿಗ್ರಿ. ಹೆಂಡತಿಯನ್ನು ಕೂಡಿಸಿಕೊಂಡು ಊರು ಸುತ್ತಿದೆ. ಅವಳು ಸೆರಗು ಹೊದ್ದು, “ಸಾಕು ಬಂದ್ ಮಾಡ್ರಿ, ನೆಗಡಿ ಆಗ್ತದ,” ಎಂದಳು. ಆದರೆ ಮದುವೆ ಇದ್ದದ್ದು ನಡುಮಧ್ಯಾಹ್ನ. ಆದ್ದರಿಂದ ಏಪ್ರಿಲ್ ಎರಡನೆಯ ವಾರ ಒಂದು ದಿನ ಹನ್ನೊಂದೂವರೆಗೆ ಮದುಮಗಳ ಅಪ್ಪನನ್ನು ಹತ್ತಿಸಿಕೊಂಡು, ಚಿತ್ತಾಪುರದವರೆಗೆ ಹೋಗಿ ಬರುವುದೆಂದು ಹೊರಟೆ.

ರಾವೂರದ ತನಕ ಸುಖವಾಗಿತ್ತು. ಅವನು ಅಂಗಿಯ ಗುಂಡಿ ಬಿಚ್ಚಿ, ಜಾಲಿಗೆ ಎದೆಯೊಡ್ಡಿ, “ಬ್ಯಾಸಗ್ಯಾಗ ಹೊಲಾ ನೋಡಿ ಎಷ್ಟು ವರ್ಷ ಆಯ್ತು ರೀ!” ಎಂದ. ತೊಗರಿ ಕಿತ್ತ ಹೊಲ, ಬಿರಿದ ಕರಿ ಮಣ್ಣು, ದೂರದಲ್ಲಿ ಕಲ್ಲಿನ ಗಣಿಯ ಬಿಳಿ ದಿಬ್ಬ, ಇಷ್ಟೇ ಇದ್ದದ್ದು. ಅದನ್ನೇ ಕಣ್ಣು ತುಂಬ ನೋಡುತ್ತಿದ್ದ. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಒಂದಾದ ಮೇಲೊಂದು. ನಿಂತು ಏಳು ನಿಮಿಷಕ್ಕೆ ಥರ್ಮಾಮೀಟರ್ ಏರತೊಡಗಿತು. ಹತ್ತನೆಯ ನಿಮಿಷಕ್ಕೆ ಟಕ್ ಎಂದು ಕಂಪ್ರೆಸರ್ ನಿಂತಿತು. ಜಾಲಿಯಿಂದ ಒಲೆಯ ಬಾಯಿಯಂಥ ಗಾಳಿ ಬಂತು.

ಹಿಂದೆ ಲಾರಿ, ಮುಂದೆ ಗೇಟು. ತಿರುಗಿಸಲಿಕ್ಕೆ ದಾರಿಯಿಲ್ಲ. ಅವನ ಮುಖ ನನ್ನ ಕಣ್ಣೆದುರೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮೈಮೇಲೆ ಒಂದು ಹನಿ ಬೆವರಿಲ್ಲ. ಕುಡಿಯುವ ನೀರಿನ ಬಾಟಲಿಗಳನ್ನು ಅವನ ತಲೆಯ ಮೇಲೆ, ಎದೆಯ ಮೇಲೆ ಸುರಿದೆ. ಪುಸ್ತಕದ ರಟ್ಟಿನಿಂದ ಬೀಸಿದೆ. ಗೇಟು ಎದ್ದೊಡನೆ ಕಾರು ತಿರುಗಿಸಿ ಮನೆಗೆ ಮುಟ್ಟಿಸಿ ಕೂಲರಿನ ಮುಂದೆ ಮಲಗಿಸಿದೆ. ಒಂದು ತಾಸಿನ ಮೇಲೆ ಅವನಿಗೆ ಮಾತು ಬಂತು.

“ನೀವೇ ಹೋಗಿ ಬರ್ರಿ ಸಾಹೇಬ್ರ. ನನ್ನ ಹಣ್ಯಾಗ ಅಕ್ಕಿ ಬರದಿಲ್ಲ.”

ನಾನು ಕಾರಿನ ಕೀಲಿ ತೆಗೆದುಕೊಂಡು ಎದ್ದೆ. ಸೀದಾ ಶಹಾಬಾದಿಗೆ ಹೋಗಿ ಮೆಕ್ಯಾನಿಕ್‌ನನ್ನು ಊಟದಿಂದ ಎಬ್ಬಿಸಿದೆ. ಎಂಜಿನ್ ಓಡಿಸಿ ಮೀಟರ್ ಹಚ್ಚಿ ನೋಡಿದ. ಒತ್ತಡ ಮಿತಿಮೀರಿ ಏರುತ್ತಿತ್ತು. ಮುಂದಿನ ಜಾಲಿ ಬಿಚ್ಚಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರನ್ನು ಬೆರಳಿನಿಂದ ಮುಟ್ಟಿದ. ಉಗುರಿನಿಂದ ಕೆರೆದ. ಸ್ಕ್ರೂಡ್ರೈವರ್‌ನಿಂದ ತಟ್ಟಿದ. ಟಣ್ ಎನ್ನಬೇಕಾದ ತಗಡು ಗೋಡೆಯಂತೆ ದಪ್ ಎಂದಿತು.

“ಸಾಹೇಬ್ರ, ಕಾರಿಗಿ ನೀರು ಎಷ್ಟು ದಿನಕ್ಕೊಮ್ಮೆ ಹೊಡೀತೀರಿ?”

“ದಿನಾ. ಮುಂಜಾನೆ ಆರು ಹತ್ತಕ್ಕ. ಮುಂದಿನ ಜಾಲಿಗೂ ಪೈಪ್ ಹಿಡೀತೀನಿ.”

“ಎಷ್ಟು ವರ್ಷದಿಂದ?”

“ತಂದಾಗಿಂದ.”

ಅವನು ಅಲ್ಲೇ ನೆಲಕ್ಕೆ ಕುಳಿತುಬಿಟ್ಟ. “ಯಾ ಅಲ್ಲಾ! ಸಿಮೆಂಟಿನ ಊರಾಗ ಇದ್ದು, ಸಿಮೆಂಟ್ ಮಾಡೋ ಕೆಲಸ ಮಾಡಿ, ಸಿಮೆಂಟಿನ ದೂಳಿಗಿ ದಿನಾ ನೀರು ಹೊಡದೀರಿ. ಮ್ಯಾಲ ಫ್ಯಾನ್ ಗಾಳಿ ಬ್ಯಾರೆ. ಇದು ಕಂಡೆನ್ಸರ್ ಅಲ್ಲ ರೀ, ಪ್ಲಾಸ್ಟರ್! ಯಾವ ಗೌಂಡಿನೂ ಇಷ್ಟು ಛಂದ ಮಾಡಂಗಿಲ್ಲ.”

ಗ್ಯಾಸಿನ ಬಿಸಿಯನ್ನು ಹೊರಹಾಕುವ ಭಾಗವೇ ಅದು. ಅದರ ಎಲೆಯಂಥ ತಗಡುಗಳ ಸಂದಿಯಲ್ಲಿ ಗಾಳಿ ಆಡಬೇಕು. ಹಳೆಯ ಗ್ಯಾಸ್ ಹೇಗೋ ಸಹಿಸಿಕೊಂಡಿತ್ತು. ಹೊಸದರ ಒತ್ತಡ ಹೆಚ್ಚು, ಅದಕ್ಕೆ ಚೊಕ್ಕ ಗಾಳಿ ಬೇಕು. ಕಾರು ಓಡುವಾಗ ಹೇಗೋ ನಡೆಯುತ್ತಿತ್ತು. ನಿಂತಾಗ ಉಸಿರು ಕಟ್ಟುತ್ತಿತ್ತು. ಮೊದಲು ಗಾಳಿ ಊದಿ ಒಣ ದೂಳು ಹಾರಿಸಬೇಕು, ಆಮೇಲೆ ನೀರು. ನಮ್ಮ ಓಣಿಯಲ್ಲಿ ಸ್ಕೂಟರ್ ಒರೆಸುವವರಿಗೂ ಇದು ಗೊತ್ತು. ನಾನು ಮಾತ್ರ ಆರು ಹತ್ತರ ನೇಮ ತಪ್ಪಬಾರದೆಂದು, ನೇಮ ಸರಿಯಿದೆಯೋ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಸಂಜೆ ಮದುಮಗಳ ಅಪ್ಪನ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಕೆಮ್ಮು ಬರುವತನಕ ನಕ್ಕ. ಹೆಂಡತಿಯನ್ನು ಕರೆದು, “ಕೇಳಿಲ್ಲಿ, ಸಾಹೇಬ್ರು ಕಾರಿಗಿ ಗಿಲಾವ ಮಾಡ್ಯಾರ!” ಎಂದು ಮತ್ತೆ ನಕ್ಕ. ಅವಳು ನಗಲಿಲ್ಲ. ಮದುವೆಗೆ ಹನ್ನೆರಡು ದಿನ ಉಳಿದಿದ್ದವು.

ಅವಳು ಒಳಗೆ ಹೋದ ಮೇಲೆ, ಇಪ್ಪತ್ತೆರಡು ವರ್ಷ ಆಡದ ಮಾತನ್ನು ಆಡಿದೆ. ಗೋಪುರದಲ್ಲಿ ಕಟ್ಟಿಕೊಂಡ ಪುಡಿಯನ್ನು ಸಲಾಕೆಯಿಂದ ಚುಚ್ಚಿ ಸಡಿಲಿಸುವ ಕೆಲಸಕ್ಕೆ ನನ್ನ ಶಿಫ್ಟಿನಲ್ಲಿ ಹೊತ್ತು ಗೊತ್ತುಮಾಡಿದ್ದೆ. ಅವತ್ತು ಎರಡು ಗಂಟೆಗೆ ಅವನು ಸಲಾಕೆ ಹಿಡಿದು ನಿಂತು, “ಒಳಗ ಆವಾಜ್ ಬ್ಯಾರೆ ಅದ ರೀ, ಹತ್ತು ನಿಮಿಷ ತಡೀರಿ,” ಎಂದಿದ್ದ. ನಾನು ಗಡಿಯಾರ ನೋಡಿ, ಮೇಲೆ ಹೋಗು ಎಂದಿದ್ದೆ. ವಿಚಾರಣೆಯಲ್ಲಿ ಯಾರ ತಪ್ಪೂ ಇಲ್ಲವೆಂದು ಬರೆದರು. ಅವನೂ ಆ ಮಾತನ್ನು ಎಲ್ಲಿಯೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

“ಅವತ್ತು ನಾ ತಡೀಬೇಕಿತ್ತು,” ಎಂದೆ.

ಅವನು ಹೆಗಲ ಮೇಲಿನ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿದ. ನಿಧಾನವಾಗಿ ಹಿಂಡಿದ. ಮತ್ತೆ ಹೆಗಲಿಗೆ ಹಾಕಿಕೊಂಡ.

“ಹೌದ್ರಿ, ತಡೀಬೇಕಿತ್ತು,” ಎಂದ. ಆಮೇಲೆ, “ನಾ ಅದು ಮರ್ತಿಲ್ಲ. ನೀವೂ ಮರ್ತಿಲ್ಲ ಅಂತ ಇವತ್ತು ತಿಳೀತು. ಇನ್ನ ಬಿಡ್ರಿ ಅದು. ಈ ಪ್ಲಾಸ್ಟರ್ ಯಾವಾಗ ತೆಗೀತಾನಂತ ಹೇಳ್ರಿ.”

ಪ್ಲಾಸ್ಟರ್ ತೆಗೆಯಲಿಕ್ಕೆ ಬರಲಿಲ್ಲ. ತಗಡು ಹರಿಯುತ್ತಿತ್ತು. ಆ ಕಾರಿನ ಹೊಸ ಕಂಡೆನ್ಸರ್ ಎಲ್ಲಿಯೂ ಇಲ್ಲ. ಮೆಕ್ಯಾನಿಕ್ ಕಲಬುರಗಿಯಲ್ಲಿ ಎರಡು ದಿನ ಹುಡುಕಿ, ಬೇರೆ ಕಾರಿನ ಹೊಸ ನಮೂನೆಯ ಅಗಲವಾದ ಕಂಡೆನ್ಸರ್ ತಂದ. ಕಾರಿನ ಮುಂಭಾಗಕ್ಕೆ ಪಟ್ಟಿ ಕೊಯ್ದು ಕೂಡಿಸಿದ. ಕೊಳವೆ ಹೊಸದಾಗಿ ಬಗ್ಗಿಸಿದ. ಅದರ ಮುಂದೆ ಇನ್ನೊಂದು ಫ್ಯಾನ್ ಹಚ್ಚಿದ. ಮತ್ತೆ ಗಾಳಿ ಎಳೆದು, ಮತ್ತೆ ಗ್ಯಾಸ್ ತುಂಬಿದ. ಈ ಸಲ ಮದುಮಗಳ ಅಪ್ಪನನ್ನು ಕರೆಯದೆ, ಮಧ್ಯಾಹ್ನ ಒಂದರಿಂದ ಎರಡೂವರೆ ತನಕ ಶಹಾಬಾದಿನ ಬಿಸಿಲಲ್ಲಿ ಕಾರು ನಿಲ್ಲಿಸಿ ನಾನೂ ಮೆಕ್ಯಾನಿಕ್ಕೂ ಒಳಗೆ ಕುಳಿತೆವು. ಹದಿಮೂರು ಡಿಗ್ರಿ ದಾಟಲಿಲ್ಲ. ಮೆಕ್ಯಾನಿಕ್ ಸೀಟು ಹಿಂದಕ್ಕೆ ಬಾಗಿಸಿ ನಿದ್ದೆ ಮಾಡಿದ.

ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಬರ್ಫದ ಡಬ್ಬಿ, ಆರು ಟವೆಲ್, ಎರಡು ಕ್ಯಾನ್ ನೀರು. ಅವನ ಹೆಂಡತಿ, ನನ್ನ ಹೆಂಡತಿ ಹಿಂದಿನ ದಿನವೇ ಮದುಮಗಳ ಜೊತೆ ಹೋಗಿದ್ದರು. ರೈಲ್ವೆ ಗೇಟಿನಲ್ಲಿ ಮತ್ತೆ ನಿಲ್ಲಬೇಕಾಯಿತು. ಇಬ್ಬರೂ ಥರ್ಮಾಮೀಟರ್ ನೋಡುತ್ತ ಕುಳಿತೆವು. ಗೇಟು ಎದ್ದಾಗ ಅವನೇ ಉಸಿರು ಬಿಟ್ಟು, “ನಡೀರಿ,” ಎಂದ. ಚಿತ್ತಾಪುರ ದಾಟಿ, ಸೇಡಂನಲ್ಲಿ ಕಿಟಕಿಯ ಸಂದಿಯಿಂದ ಚಹಾ ತೆಗೆದುಕೊಂಡು, ಹನ್ನೊಂದರ ಒಳಗೆ ಚಿಂಚೋಳಿ ಮುಟ್ಟಿದೆವು. ಹಂದರದ ಪಕ್ಕದ ಬೇವಿನ ನೆರಳಲ್ಲಿ ಕಾರು ನಿಲ್ಲಿಸಿದೆ. ಎಂಜಿನ್ ಆರಿಸಲಿಲ್ಲ.

ನಾನು ಎಣಿಸದಿದ್ದ ತೊಡಕು ಅಲ್ಲಿ ಬಂತು. ಹೆಣ್ಣಿನ ತಂದೆ ಬಂದ ಕಾರಿನಿಂದ ಇಳಿಯದೆ ಗಾಜು ಏರಿಸಿ ಕುಳಿತರೆ ಮದುವೆ ಮನೆಯಲ್ಲಿ ಅದಕ್ಕೆ ಒಂದೇ ಅರ್ಥ. ಹತ್ತು ನಿಮಿಷದಲ್ಲಿ ಗಂಡಿನ ಕಡೆಯ ಮೂವರು ಹಿರಿಯರು ತಲೆಯ ಪಟಕಾ ಸರಿಮಾಡಿಕೊಳ್ಳುತ್ತ ಬಂದರು. ನಾನು ಗಾಜು ನಾಲ್ಕು ಬೆರಳು ಇಳಿಸಿದೆ.

“ಬೀಗರು ಸಿಟ್ಟಾಗ್ಯಾರ ಅಂತ ಕೇಳೀವಿ. ನಮ್ಮ ಕಡಿಂದ ಏನ್ ತಪ್ಪಾತು ರೀ? ಬ್ಯಾಂಡ್ ಕಳಿಸಿ ಕರೀಲಿಲ್ಲ ಅಂತೇನು?”

“ಸಿಟ್ಟಿಲ್ರಿ. ಇವರಿಗಿ ಬಿಸಿಲು ಆಗಂಗಿಲ್ಲ,” ಎಂದೆ.

“ಬಿಸಿಲು ಯಾರಿಗಿ ಆಗ್ತದ್ರಿ?” ಎಂದು ಹಿರಿಯನೊಬ್ಬ ನಂಬದೆ ಕೇಳಿದ.

ಆಗ ಅವನು, ಹೆಂಡತಿ ಮಕ್ಕಳ ಹೊರತು ಹೊರಗಿನವರಲ್ಲಿ ನನಗೆ ಮಾತ್ರ ತೋರಿಸುತ್ತಿದ್ದ ತೋಳನ್ನು ಟವೆಲ್ ಸರಿಸಿ ಗಾಜಿನ ಹತ್ತಿರ ತಂದ. ಮೂವರೂ ಬಗ್ಗಿ ನೋಡಿದರು. ಎಲ್ಲರಿಗಿಂತ ಹಿರಿಯ ಗಾಜಿನ ಸಂದಿಯಿಂದ ಕೈ ಹಾಕಿ ಆ ತೋಳನ್ನು ಮೆಲ್ಲಗೆ ಮುಟ್ಟಿದ. ಕೈ ಹೊರಗೆ ತೆಗೆಯುವುದನ್ನು ಮರೆತು, “ಒಳಗ ಭಾಳ ತಂಪದ ಅಲ್ಲ!” ಎಂದ. “ಏ, ಬೀಗರು ಸಿಟ್ಟಿನಾಗ ಇಲ್ಲಪ, ಸುಖದಾಗ ಇದ್ದಾರ!” ಎಂದು ಹಂದರದ ಕಡೆ ಕೂಗಿದ. ನಗುತ್ತ ಹೋದರು. ಹೋದವರು ಒಂದು ಕೊಡ ತಣ್ಣೀರು ಕಳಿಸಿದರು.

ಮದುಮಗನ ಮೆರವಣಿಗೆ ತಡವಾಯಿತು. ಹನ್ನೆರಡೂವರೆ ಹೋಗಿ ಒಂದು ಕಾಲು. ನಾನು ಸಿಡಿಮಿಡಿಗೊಂಡೆ. ಅವನು ಕಿಟಕಿಗೆ ಹಣೆ ಹಚ್ಚಿ ಕುಣಿಯುವವರನ್ನು ನೋಡುತ್ತ, “ಕುಣೀಲಿ ಬಿಡ್ರಿ,” ಎಂದ. ಅಂತರಪಟ ಹಿಡಿದರೆಂದು ಅವನ ಹೆಂಡತಿ ಓಡಿ ಬಂದು ಹೇಳಿದಳು. ಅವನು ಅಂಗಿಯನ್ನು ಬರ್ಫದ ನೀರಲ್ಲಿ ಅದ್ದಿ ತೊಟ್ಟ. ಮೇಲೆ ಶಲ್ಯ ಹೊದ್ದ. ಬಾಗಿಲು ತೆರೆದು ಬಿಸಿಲಿಗೆ ಇಳಿದ.

ಜನ ದಾರಿ ಬಿಟ್ಟರು. ಮೊದಲ ಹಿಡಿ ಅಕ್ಕಿಯನ್ನು ಅವನು ಎಸೆಯಲಿಲ್ಲ. ಮಗಳ ತಲೆಯ ಮೇಲೆ ಕೈ ಇಟ್ಟು ಮೆಲ್ಲಗೆ ಬಿಟ್ಟ. ಆಮೇಲೆ ಅಕ್ಕಿ ನಾಲ್ಕೂ ಕಡೆಯಿಂದ ಸುರಿಯಿತು. ಕಾರಿಗೆ ಮರಳಿದಾಗ ಅವನ ಮುಖ ಕೆಂಪಾಗಿತ್ತು, ಹೆಜ್ಜೆ ಅಳ್ಳಾಡುತ್ತಿತ್ತು. ಬರ್ಫದ ಡಬ್ಬಿಯನ್ನು ಮುಂದಿನ ಸೀಟಿಗೆ ಸರಿಸಿ, ಅವನನ್ನು ಹಿಂದೆ ಒರಗಿಸಿ, ಟವೆಲ್ ಮೇಲೆ ಟವೆಲ್ ಹೊದಿಸಿದೆ. ಕಾಲು ತಾಸಿಗೆ ಕಣ್ಣು ತೆರೆದು, “ಅಕ್ಕಿ ಚೆಲ್ಲಲಿಲ್ಲಲ್ರಿ?” ಎಂದ.

“ಒಂದು ಕಾಳೂ ಚೆಲ್ಲಿಲ್ಲ.”

ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ಮದುಮಕ್ಕಳೇ ಬಂದರು, ಬಾಸಿಂಗ ಕಟ್ಟಿಕೊಂಡೇ. ತಂದೆಯ ಕಾಲು ಮುಟ್ಟಲಿಕ್ಕೆ ಬಂದವರು. ಬಾಗಿಲು ಮುಚ್ಚಿಕೊಂಡ ಮೇಲೆ ಮದುಮಗ ಸುತ್ತ ನೋಡಿ, ಕೊರಳ ಹಾರ ಸಡಿಲಿಸಿದ.

“ಮಾವಾರ, ಊಟ ಇಲ್ಲೇ ತರಸ್ರಿ. ನಾ ಇಳಿಯಂಗಿಲ್ಲ.”

“ಏ, ನಮ್ಮಪ್ಪನ ಜಾಗಾ ಅದು, ಸರೀರಿ ಅತ್ತ,” ಎಂದು ಮಗಳು ಅವನನ್ನು ಮೊಳಕೈಯಿಂದ ತಳ್ಳಿ ಅಪ್ಪನಿಗೆ ಆತು ಕುಳಿತಳು. ಅಪ್ಪ ಟವೆಲ್ ಎಳೆದುಕೊಂಡು ತೋಳು ಮುಚ್ಚಲು ಹೋದ. ಅವಳು ಬಿಡಲಿಲ್ಲ.

ಹೊರಗಿಂದ ಮದುಮಗನ ತಾಯಿ ಗಾಜು ಬಡಿಯುತ್ತಿದ್ದಳು. ಫೋಟೋದವನು ಬಂದು ಗಾಜು ಇಳಿಸಿರಿ, ಬಿಂಬ ಬೀಳುತ್ತದೆ ಎಂದ. ಗಾಜು ಇಳಿಸಲಿಕ್ಕಾಗದು ಎಂದೆ. ಹಾಗಾದರೆ ಮುಂದಿನ ಸೀಟಿನಿಂದ ತಿರುಗಿ ತೆಗೆಯಬೇಕು ಎಂದ. ಪಕ್ಕದ ಸೀಟಿನ ಮೇಲೆ ಬರ್ಫದ ಡಬ್ಬಿ ಇತ್ತು. ನಾನು ಇಳಿದು ನನ್ನ ಜಾಗ ಅವನಿಗೆ ಕೊಟ್ಟೆ.

ಹೊರಗೆ ಒಂದು ನಿಮಿಷಕ್ಕೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಕಿವಿಯ ಹಿಂದಿನಿಂದ ಬೆವರು ಇಳಿಯಿತು. ಒಳಗೆ ಮೂವರೂ ಏನೋ ಹೇಳಿಕೊಂಡು ನಗುತ್ತಿದ್ದರು. ಗಾಜಿನಿಂದಾಗಿ ಕೇಳಿಸಲಿಲ್ಲ.